ಯಾವ ಗ್ರಂಥ, ಯಾವ ಅಧ್ಯಾಯ?

ಪತ್ರಿಕೆಯೊಂದರಲ್ಲಿ ನಾನು ಬಹುಕಾಲ ‘ನಿಮಗಿದು ಗೊತ್ತೆ?’ ಮಾದರಿಯ ಚುಟುಕು ಬರಹ ಬರೆಯುತ್ತಿದ್ದೆ. ಬೇರೆ ಬೇರೆ ನಾಡುಗಳ ಆಚಾರ, ಆವಿಷ್ಕಾರಗಳ ಬಗ್ಗೆ ಬೆರಗು ಹುಟ್ಟಿಸುವ ನಾಲ್ಕೈದು ಸಾಲು. ಅದರಲ್ಲೊಮ್ಮೆ, ಎಡ್ವರ್ಡ್ ಜೆನ್ನರ್‌ಗಿಂತ ಸಾವಿರಾರು ವರ್ಷ ಮೊದಲೇ ಧನ್ವಂತರಿ ಹಸುವಿನ ಕೆಚ್ಚಲ ಬೊಕ್ಕೆಯಿಂದ ಸಿಡುಬಿಗೆ ಲಸಿಕೆ ಹಾಕುವ ಕ್ರಮ ಹೇಳಿದ್ದಾನೆಂದು ಬರೆದೆ. ಎಲ್ಲೋ ಓದಿದ್ದೆ, ಓದಿ ಹಿಗ್ಗಿದ್ದೆ, ಮೂಲ ಹುಡುಕಿರಲಿಲ್ಲ.

ನಿವೃತ್ತ ವೈದ್ಯರೊಬ್ಬರು ಕಾರ್ಡು ಬರೆದು ಕೇಳಿದರು: ಯಾವ ಗ್ರಂಥ, ಯಾವ ಅಧ್ಯಾಯ? ನನ್ನಲ್ಲಿ ಉತ್ತರವಿರಲಿಲ್ಲ. ತಿದ್ದುಪಡಿ ಹಾಕಿಸಬೇಕಿತ್ತು, ಸುಮ್ಮನಿದ್ದುಬಿಟ್ಟೆ. ಮುಂದೊಂದು ದಿನ ಶಾಲಾ ಸಮಾರಂಭದಲ್ಲಿ ಮಗುವೊಂದು ಅದೇ ಸಾಲುಗಳನ್ನು ಬಾಯಿಪಾಠ ಒಪ್ಪಿಸಿತು. ಸಭೆ ಚಪ್ಪಾಳೆ ತಟ್ಟಿತು. ಆಗಷ್ಟೇ ನಾನು ಹುಡುಕಲು ಕೂತದ್ದು.

ಜೆನ್ನರ್ ಪ್ರಯೋಗ ನಡೆದದ್ದು 1796ರಲ್ಲಿ. ಧನ್ವಂತರಿಯ ಹೆಸರಿನ ಆ ಮಾತು 1819ರಲ್ಲಿ ‘ಮದ್ರಾಸ್ ಕೊರಿಯರ್’ನಲ್ಲಿ ಬಂದ ಪತ್ರವೊಂದರಲ್ಲಿತ್ತು. ಹೊಸ ಲಸಿಕೆಗೆ ಹೆದರುತ್ತಿದ್ದ ಜನರನ್ನು ಒಪ್ಪಿಸಲು ಅದಕ್ಕೆ ಪ್ರಾಚೀನತೆಯ ಉಡುಪು ತೊಡಿಸಿದ್ದರೆಂಬುದು ವಿದ್ವಾಂಸರ ಅಭಿಪ್ರಾಯ. ಚರಕ, ಸುಶ್ರುತ ಸಂಹಿತೆಗಳಲ್ಲಿ ಅಂಥ ವಿಧಾನವಿಲ್ಲ.

ಹುಡುಕುತ್ತ ಹೋದಂತೆ, ಸುಳ್ಳಿಗಿಂತ ಎಷ್ಟೋ ದೊಡ್ಡದಾದ ನಿಜ ಎದುರಾಯಿತು. ಬಂಗಾಳದಲ್ಲಿ ಸಿಡುಬಿನ ಕೀವಿನಿಂದಲೇ ಸಿಡುಬನ್ನು ತಡೆಯುವ ಪದ್ಧತಿ ನಿಜವಾಗಿಯೂ ಇತ್ತು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಜೆ. ಝಡ್. ಹಾಲ್ವೆಲ್ 1767ರಲ್ಲಿ ಅದನ್ನು ವಿವರವಾಗಿ ಬರೆದಿದ್ದಾನೆ. ರೋಗದ ಕಾಲ ಶುರುವಾಗುವ ಮೊದಲೇ ಬ್ರಾಹ್ಮಣರ ಸಣ್ಣ ಗುಂಪುಗಳು ಊರೂರಿಗೆ ಬರುತ್ತಿದ್ದವು. ಮೀನು, ಹಾಲು, ತುಪ್ಪ ಬಿಟ್ಟು ಪಥ್ಯ ಮಾಡಿದವರ ತೋಳಿನ ಮೇಲೆ ಸಣ್ಣ ಗಾಯ ಮಾಡಿ, ಕೀವು ಹೀರಿಸಿ ಇಟ್ಟಿದ್ದ ಹತ್ತಿಯನ್ನು ಗಂಗಾಜಲದಲ್ಲಿ ನೆನೆಸಿ ಇಡುತ್ತಿದ್ದರು. ಆ ಕೀವು ಹಿಂದಿನ ವರ್ಷ ಇದೇ ರೀತಿ ಹಾಕಿಸಿಕೊಂಡವರದ್ದೇ ಆಗಿರಬೇಕಿತ್ತು. ತಾಜಾ ಕೀವನ್ನು ಅವರು ಮುಟ್ಟುತ್ತಿರಲಿಲ್ಲ. ಅನುಭವ ಕಲಿಸಿದ ಎಚ್ಚರಿಕೆ ಅದು.

ಇದು ನಮ್ಮೊಬ್ಬರದೇ ಅಲ್ಲ. ಚೀನಾದಲ್ಲಿ ಬೊಕ್ಕೆಯ ಒಣ ಹೊಪ್ಪಳೆಯನ್ನು ಪುಡಿಮಾಡಿ ಮೂಗಿಗೆ ಊದುತ್ತಿದ್ದರು. ತುರ್ಕಿಯಲ್ಲಿ ಮುದುಕಿಯರು ಮಾಡುತ್ತಿದ್ದುದನ್ನು ಕಂಡ ಬ್ರಿಟಿಷ್ ರಾಯಭಾರಿಯ ಪತ್ನಿ ಮೇರಿ ವರ್ಟ್ಲಿ ಮಾಂಟೆಗ್ಯು 1718ರಲ್ಲಿ ತನ್ನ ಮಗನಿಗೆ ಹಾಕಿಸಿದಳು. ಬಾಸ್ಟನ್‌ನಲ್ಲಿ ಗುಲಾಮನಾಗಿದ್ದ ಒನೆಸಿಮಸ್, ಆಫ್ರಿಕಾದಲ್ಲಿ ತನಗೇ ಮಾಡಿದ್ದ ಕ್ರಮವನ್ನು ಯಜಮಾನ ಕಾಟನ್ ಮ್ಯಾಥರ್‌ಗೆ ತಿಳಿಸಿದ. 1721ರ ಸಿಡುಬಿನಲ್ಲಿ ಅಲ್ಲಿ 844 ಮಂದಿ ಸತ್ತರು. ಅಂದರೆ ರೋಗ ತಗಲಿದ ಏಳು ಮಂದಿಯಲ್ಲಿ ಒಬ್ಬರು. ವೈದ್ಯ ಬಾಯ್ಲ್‌ಸ್ಟನ್ ಈ ಕ್ರಮದಿಂದ ಸಿಡುಬು ಹಾಕಿದ ಸುಮಾರು 240 ಜನರಲ್ಲಿ ಸತ್ತವರು ಆರು.

ಅಪಾಯ ಇದ್ದೇ ಇತ್ತು. ಹಾಕಿಸಿಕೊಂಡವರಿಂದ ಇತರರಿಗೆ ಸಿಡುಬು ಹರಡಬಹುದಿತ್ತು. ಹಸುವಿನ ಸಿಡುಬನ್ನು ಬಳಸಿ ಜೆನ್ನರ್ ನೀಗಿಸಿದ್ದು ಆ ಅಪಾಯವನ್ನು. ಆ ಹೊಸ ಲಸಿಕೆ ನಮ್ಮ ಮೈಸೂರಿಗೂ ಬಂತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರದಲ್ಲಿ ಸೆರಗು ಸರಿಸಿ ತೋಳು ತೋರುವ ತರುಣಿ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರರೊಬ್ಬರು ಗುರುತಿಸಿದ್ದಾರೆ. ಅವರ ಪ್ರಕಾರ ಆಕೆ ತೋರುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು.

ನನ್ನ ನಾಲ್ಕು ಸಾಲು ಅಳಿಸಿಹಾಕಿದ್ದು ಇವರೆಲ್ಲರನ್ನು. ಇಲ್ಲದ ಶ್ಲೋಕವನ್ನು ಮೆರೆಸುವ ಭರದಲ್ಲಿ, ಊರೂರು ತಿರುಗಿ ಮಕ್ಕಳನ್ನು ಉಳಿಸಿದವರ ಜ್ಞಾನವನ್ನು ನಾನೇ ಮರೆಮಾಡಿದ್ದೆ. ತಡವಾಗಿಯಾದರೂ ತಿದ್ದುಪಡಿ ಬರೆದುಕೊಟ್ಟೆ, ಆ ಶಾಲೆಗೂ ಒಂದು ಪ್ರತಿ ಕಳಿಸಿದೆ. ಮನಸ್ಸಿಗೆ ಹಿತವಾದ ಸಂಗತಿಯನ್ನೇ ಎಲ್ಲಕ್ಕಿಂತ ಕಠಿಣವಾಗಿ ಪರೀಕ್ಷಿಸಬೇಕೆಂಬುದು ನಾನು ಕಲಿತ ಪಾಠ. ಪೂರ್ವಜರ ಮೇಲಿನ ಗೌರವ ನಿಜವಾದದ್ದಾದರೆ, ಅವರು ಮಾಡಿದ್ದೇನೆಂದು ತಿಳಿದುಕೊಳ್ಳುವ ಶ್ರಮದಿಂದಲೇ ಅದು ಆರಂಭವಾಗಬೇಕು.