ಥೇಮ್ಸ್ ದಂಡೆಯಲ್ಲಿ ಮೊದಲ ದಿನ

ಮಗನ ಮನೆಗೆಂದು ಲಂಡನ್ನಿಗೆ ಹೋದ ಮರುದಿನ ಬೆಳಿಗ್ಗೆ ಒಬ್ಬನೇ ಕಾಲ್ನಡಿಗೆಯಲ್ಲಿ ಹೊರಟೆನು. ಕಳಸಾಪುರದಿಂದ ಗದಗಿಗೆ ನಡೆದು ಶಾಲೆ ಕಲಿತ ಕಾಲುಗಳಿಗೆ ದಾರಿ ದೂರವೆನಿಸಲಿಲ್ಲ. ಆದರೆ ಎದುರಾದವರೊಬ್ಬರೂ 'ಎಲ್ಲಿಗೆ ಹೊಂಟೀರಿ?' ಎಂದು ಕೇಳದಿರಲು ಮನಸ್ಸು ಒಂಟಿಯಾಯಿತು.

ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ, ದಂಡೆಗುಂಟ ಲ್ಯಾಂಬೆತ್ ಸೇತುವೆಯಾಚೆಗೆ ಬಂದಾಗ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಅಣ್ಣ ಬಸವಣ್ಣನವರ ಪ್ರತಿಮೆಯು ಕಂಡಿತು. ನದಿಯಾಚೆ ಪಾರ್ಲಿಮೆಂಟು, ಈಚೆ ಅನುಭವಮಂಟಪದ ಅಣ್ಣ. ಕೈಮುಗಿದು ಕಣ್ಣೊರೆಸಿಕೊಳ್ಳುತ್ತಿರುವಾಗ, ಅಲ್ಲಿ ಕಸ ಗುಡಿಸುತ್ತಿದ್ದವನು ನಸುನಕ್ಕು 'ಗುಡ್ ಮಾರ್ನಿಂಗ್' ಎಂದನು. ಆ ದಿನ ದಾರಿಯಲ್ಲಿ ನನ್ನನ್ನು ಮಾತನಾಡಿಸಿದವನು ಅವನೊಬ್ಬನೇ.

ನಮ್ಮ ಓಣಿಯನ್ನು ವರ್ಷಗಟ್ಟಲೆ ಗುಡಿಸಿದವನ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಕಾಯಕದ ಮೇಲೆ ಭಾಷಣ ಮಾಡಿದ ನಾಲಿಗೆ ನಾಚಿತು.

ಊರಿಗೆ ಮರಳಿದ ಮೊದಲ ಬೆಳಗಿನಲ್ಲಿಯೇ ಆತನ ಹೆಸರನ್ನು ಕೇಳಿದೆನು.