ಖಳರ ಖಾತೆ: ಬಿಡಿ ಟಿಪ್ಪಣಿಗಳು

1
ಕಥೆಯೊಳಗಿನ ಯಾವ ಖಳನಿಗೆ ಎಂದೆಂದಿಗೂ ಉದ್ಧಾರವಿಲ್ಲ? ಸಿನಿಮಾ, ಕಾಮಿಕ್ಸ್, ಕಾದಂಬರಿಗಳ ಅಭಿಮಾನಿಗಳು ಇಂಟರ್‌ನೆಟ್ಟಿನಲ್ಲಿ ಇದನ್ನು ವರ್ಷಗಟ್ಟಲೆ ವಾದಿಸುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಆರೋಪಿ ಹುಟ್ಟಿದವನೇ ಅಲ್ಲ. ಸಾಕ್ಷಿ ಎಂದರೆ ಪುಟದ ಸಂಖ್ಯೆ, ಎಪಿಸೋಡಿನ ನಿಮಿಷ.

2
ಕೆಲವರು ನಿಯಮ ಮಾಡಿಕೊಂಡಿದ್ದಾರೆ. ಕೃತ್ಯ ಆ ಕಥೆಯ ಅಳತೆಯಲ್ಲೇ ಘೋರವಾಗಿರಬೇಕು. ಪಶ್ಚಾತ್ತಾಪ ಇರಕೂಡದು. ಯಾರನ್ನೂ ನಿಜವಾಗಿ ಪ್ರೀತಿಸಿರಕೂಡದು. ಸರಿ ತಪ್ಪು ತಿಳಿಯುವ ಬುದ್ಧಿ ಇರಬೇಕು. ಕಥೆ ಅವನನ್ನು ತಮಾಷೆಗೆ ಬಳಸಿರಬಾರದು. ಎಲ್ಲವೂ ಕೂಡಿದರೆ ಹೆಸರು ಉದ್ಧಾರವಿಲ್ಲದವರ ಪಟ್ಟಿಗೆ ಸೇರುತ್ತದೆ. ಒಂದು ತಪ್ಪಿದರೂ ಇಲ್ಲ.

3
ನಿಜವಾಗಿ ಬದುಕಿ ಸತ್ತವರನ್ನು ಪಟ್ಟಿಗೆ ತರುವಂತಿಲ್ಲ.

4
ಪ್ರಾಣಿಗಳಿಗೂ ಪ್ರವೇಶವಿಲ್ಲ. ‘ಜಾಸ್’ (1975) ಚಿತ್ರದ ಶಾರ್ಕ್ ಎಷ್ಟು ಜನರನ್ನು ತಿಂದರೂ ನಿರಪರಾಧಿ. ‘ಏಲಿಯನ್ಸ್’ (1986) ಚಿತ್ರದ ಜೀವಿಗಳೂ ಹಾಗೆಯೇ. ಅಲ್ಲಿ ಜನ ಬೈಯುವುದು ಬರ್ಕ್ ಎಂಬ ಕಂಪನಿ ನೌಕರನನ್ನು. ಅವನು ಯಾರನ್ನೂ ಕಚ್ಚುವುದಿಲ್ಲ. ಒಂದು ಬಾಗಿಲು ಹಾಕಿಕೊಳ್ಳುತ್ತಾನೆ, ಒಂದು ಕ್ಯಾಮೆರಾ ಆರಿಸುತ್ತಾನೆ.

5
‘ಸ್ಟಾರ್ ವಾರ್ಸ್’ (1977). ಆಲ್ಡರಾನ್ ಎಂಬ ಗ್ರಹವನ್ನು ಜನರ ಸಮೇತ ಸುಡಲಾಗುತ್ತದೆ. ಆಜ್ಞೆ ಟಾರ್ಕಿನ್‌ನದು. ಡಾರ್ತ್ ವೇಡರ್ ಪಕ್ಕದಲ್ಲಿ ನಿಂತು, ಆ ಗ್ರಹದ ರಾಜಕುಮಾರಿ ಲಿಯಾ ಅಲುಗದಂತೆ ಹಿಡಿದಿದ್ದಾನೆ. 1983ರ ಚಿತ್ರದಲ್ಲಿ ವೇಡರ್ ಮಗನನ್ನು ಉಳಿಸಿ ಸಾಯುತ್ತಾನೆ. ಕೊನೆಯ ದೃಶ್ಯದಲ್ಲಿ ಸಂತರ ಸಾಲಿನಲ್ಲಿ ಹೊಳೆಯುತ್ತಾ ನಿಲ್ಲುತ್ತಾನೆ. ಗ್ರಹ ಮಾತ್ರ ಟಾರ್ಕಿನ್‌ನ ಖಾತೆಯಲ್ಲೇ ಉಳಿದಿದೆ.

ಲಿಯಾ ವೇಡರ್‌ನ ಮಗಳು. ಹಿಡಿದಾಗ ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದಕ್ಕೆ ಎಷ್ಟು ರಿಯಾಯಿತಿ ಎಂದು ಕೇಳಿದರೆ ಜಗಳ ಮೊದಲಿಂದ ಶುರುವಾಗುತ್ತದೆ.

6
2005ರ ಚಿತ್ರದಲ್ಲಿ ಅದೇ ಮನುಷ್ಯ, ಇನ್ನೂ ತರುಣ, ಜೆಡೈ ಎಂಬ ಯೋಧ-ಸಂತರ ಮಂದಿರದ ಪುಟ್ಟ ಮಕ್ಕಳನ್ನು ಕೊಲ್ಲುತ್ತಾನೆ. ಪ್ರೇಕ್ಷಕರು ಅವನನ್ನು ಕ್ಷಮಿಸಿ ಆಗಲೇ 22 ವರ್ಷವಾಗಿತ್ತು.

7
ಅದಕ್ಕೂ ಒಂದು ವರ್ಷ ಮುಂಚೆ, 1983ರ ಚಿತ್ರದ 2004ರ ಡಿವಿಡಿಯಲ್ಲಿ, ಹೊಳೆಯುತ್ತಾ ನಿಂತಿದ್ದ ಮುದುಕ ನಟನನ್ನು ತೆಗೆದು ತರುಣ ನಟನ ಮುಖ ಕೂರಿಸಿದರು. ಕೆಡುವುದಕ್ಕೆ ಮುಂಚಿನ ಮುಖ, ಹೆಸರು ಅನಾಕಿನ್ ಆಗಿದ್ದಾಗಿನದು. ಉದ್ಧಾರವಾದದ್ದು ಅನಾಕಿನ್, ಪಾಪ ಮಾಡಿದ್ದು ವೇಡರ್, ಇಬ್ಬರೂ ಬೇರೆ ಎನ್ನುವವರಿಗೆ ಇದು ದಾಖಲೆ. ಬೇರೆ ಅಲ್ಲ ಎನ್ನುವವರಿಗೆ ಇದು ದಾಖಲೆ ತಿದ್ದಿದ ಪ್ರಕರಣ.

8
ಮಧ್ವಾಚಾರ್ಯರ ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಪೂತನಿಯ ದೇಹದಲ್ಲಿ ಇಬ್ಬರಿದ್ದಾರೆ. ಒಬ್ಬಳು ತಾಟಕಿ. ಇನ್ನೊಬ್ಬಳು ಶಾಪಗ್ರಸ್ತೆ ಊರ್ವಶಿ. ಕೃಷ್ಣ ಮೊಲೆ ಹೀರಿ ಕೊಂದ ಮೇಲೆ ಊರ್ವಶಿ ಸ್ವರ್ಗಕ್ಕೆ ಮರಳುತ್ತಾಳೆ, ತಾಟಕಿ ಕತ್ತಲೆಗೆ ಹೋಗುತ್ತಾಳೆ. ಹಾಲು ಕೊಟ್ಟವಳಿಗೆ ಒಂದು ಗತಿ, ವಿಷ ಕೊಟ್ಟವಳಿಗೆ ಇನ್ನೊಂದು. ಮೊಲೆ ಒಂದೇ.

9
ಕೊಂದವರ ಸಂಖ್ಯೆಗೂ ಓದುಗರ ದ್ವೇಷಕ್ಕೂ ತಾಳೆಯಾಗುವುದಿಲ್ಲ. ‘ಹ್ಯಾರಿ ಪಾಟರ್’ ಸರಣಿಯಲ್ಲಿ ವೋಲ್ಡೆಮಾರ್ಟ್ ಕೊಂದವರ ಪಟ್ಟಿ ಉದ್ದ. ಆದರೆ ಹೆಸರು ಹೇಳಿದ ಕೂಡಲೇ ಓದುಗರು ಹಲ್ಲು ಕಡಿಯುವುದು 2003ರ ಐದನೇ ಪುಸ್ತಕದ ಡೊಲೊರೆಸ್ ಅಂಬ್ರಿಜ್‌ಗೆ. ಗುಲಾಬಿ ಬಣ್ಣದ ಸ್ವೆಟರ್. ಗೋಡೆಯ ತುಂಬ ಬೆಕ್ಕಿನ ಮರಿಗಳ ತಟ್ಟೆಗಳು. ಬರೆದಂತೆಲ್ಲ ಬರೆಯುವವನ ಕೈಯ ಚರ್ಮ ಕೊರೆದು, ಅವನ ರಕ್ತದಲ್ಲೇ ಅಕ್ಷರ ಮೂಡಿಸುವ ಲೇಖನಿ. ಹ್ಯಾನಿಬಲ್ ಲೆಕ್ಟರ್‌ನ ನಂತರ ಇಂಥ ಖಳಪಾತ್ರ ಬಂದಿರಲಿಲ್ಲ ಎಂಬರ್ಥದಲ್ಲಿ ಸ್ಟೀಫನ್ ಕಿಂಗ್ ವಿಮರ್ಶೆ ಬರೆದ. ಲೆಕ್ಟರ್ ಮನುಷ್ಯರನ್ನು ತಿನ್ನುವವನು.

10
ಆ ಕಥೆಯಲ್ಲಿ ಪೇಟ್ರೋನಸ್ ಎಂಬ ರಕ್ಷಣೆಯ ಮಂತ್ರ ಫಲಿಸಲು ಮನಸ್ಸಿನಲ್ಲಿ ಸುಖ ಇರಬೇಕು. ಕೆಡುಕರಿಗೆ ಅದು ಒಲಿಯುವುದು ಅಪರೂಪ. ಅಂಬ್ರಿಜ್‌ಗೆ ಒಲಿಯುತ್ತದೆ. ಬೆಳ್ಳಿಯ ಬೆಕ್ಕು. ಅವಳು ಅದನ್ನು ಎಬ್ಬಿಸುವ ಜಾಗ ವಿಚಾರಣೆಯ ಕೋಣೆ. ಎದುರಿಗೆ ಆರೋಪಿಗಳು ನಡುಗುತ್ತಾ ಕೂತಿರುತ್ತಾರೆ.

11
ಅದೇ ಸರಣಿಯ ಸ್ನೇಪ್. ಇವನ ಮೊಕದ್ದಮೆ ಬಗೆಹರಿಯುವ ಲಕ್ಷಣ ಇಲ್ಲ. ಎರಡೂ ಪಕ್ಷದವರು ತೋರಿಸುವ ಸಾಕ್ಷಿ ಒಂದೇ: ತಾನು ಪ್ರೀತಿಸಿದ್ದ ಲಿಲಿಯ, ಅಂದರೆ ಹ್ಯಾರಿಯ ತಾಯಿಯ, ಜೀವ ಉಳಿಸು ಎಂದು ಅವನು ವೋಲ್ಡೆಮಾರ್ಟ್‌ನನ್ನು ಬೇಡಿಕೊಂಡ. ಅವಳ ಗಂಡನ ಮಾತು, ಕೂಸಿನ ಮಾತು ಎತ್ತಲಿಲ್ಲ.

ನೆವಿಲ್ ಎಂಬ ಹುಡುಗನ ತಂದೆ ತಾಯಿಯನ್ನು ಹಿಂಸಿಸಿ ಹುಚ್ಚು ಹಿಡಿಸಿದವರು ಬೇರೆ. ಆದರೆ ಮೂರನೇ ಪುಸ್ತಕದಲ್ಲಿ ಅವನ ಅತಿ ದೊಡ್ಡ ಭಯ ರೂಪ ತಾಳಿದಾಗ ಎದುರು ನಿಂತದ್ದು ಸ್ನೇಪ್, ಅವನ ಮೇಷ್ಟ್ರು. ಇದನ್ನು ಬರೆದುಕೊಂಡ ಮೇಲೆ ನಾನು ಯಾವ ಪಕ್ಷವೆಂದು ನನಗೇ ಅನುಮಾನ ಬಂದಿದೆ.

12
ಚಿತ್ರಗಳಲ್ಲಿ ಸ್ನೇಪ್ ಪಾತ್ರ ಮಾಡಿದ ಅಲನ್ ರಿಕ್‌ಮನ್‌ನ ಕಂಠ ಸಾಕ್ಷ್ಯವಲ್ಲ ಎನ್ನುತ್ತಾರೆ ಪುಸ್ತಕದ ಕಡೆಯವರು.

13
ವಿಕ್ಟರ್ ಹ್ಯೂಗೋನ 1831ರ ಕಾದಂಬರಿಯಲ್ಲಿ ಫ್ರೊಲೊ ಒಬ್ಬ ಪಾದ್ರಿ. ಯಾರಿಗೂ ಬೇಡವಾದ ಕುರೂಪಿ ಕೂಸನ್ನು ಕನಿಕರದಿಂದ ಎತ್ತಿಕೊಂಡು ಸಾಕುತ್ತಾನೆ. ಅನಾಥ ತಮ್ಮನನ್ನೂ ಸಾಕುತ್ತಾನೆ. 1996ರ ಡಿಸ್ನಿ ಚಿತ್ರದಲ್ಲಿ ಅವನು ನ್ಯಾಯಾಧೀಶ. ತಮ್ಮನಿಲ್ಲ. ಅದೇ ಕೂಸನ್ನು ಬಾವಿಗೆ ಎಸೆಯಲು ಹೊರಡುತ್ತಾನೆ. ಚಿತ್ರದವನು ಪಟ್ಟಿಗೆ ಸೇರಿದ. ಕಾದಂಬರಿಯವನು ಸೇರಲಿಲ್ಲ. ಮಕ್ಕಳ ಚಿತ್ರದಲ್ಲಿ ಹೀಗೆ, ದೊಡ್ಡವರ ಕಾದಂಬರಿಯಲ್ಲಿ ಹಾಗೆ.

14
ಕ್ರುಯೆಲ್ಲಾ 1961ರ ಚಿತ್ರದಲ್ಲಿ ನಾಯಿಮರಿಗಳ ಚರ್ಮದಿಂದ ಕೋಟು ಹೊಲಿಸಲು ಹೊರಟವಳು. 2021ರಲ್ಲಿ ಅವಳ ಬಾಲ್ಯ, ಯೌವನ ತೋರಿಸುವ ಚಿತ್ರ ಬಂತು. ಅದರಲ್ಲಿ ಮೂರು ಡಾಲ್ಮೇಶನ್ ನಾಯಿಗಳು ಅವಳ ತಾಯಿಯನ್ನು ಬಂಡೆಯ ಅಂಚಿನಿಂದ ಕೆಳಗೆ ಕೆಡವುತ್ತವೆ. ಈಗ ನಾಯಿಗಳ ಮೇಲೂ ಆರೋಪ.

15
ಬಾಲ್ಯ ತೋರಿಸಿದರೆ ಶಿಕ್ಷೆ ಅರ್ಧವಾಗುತ್ತದೆ. ಇದು ನಿಯಮಗಳಲ್ಲಿ ಇಲ್ಲ, ಆದರೆ ನಡೆಯುತ್ತದೆ. ‘ಡಾರ್ಕ್ ನೈಟ್’ (2008) ಚಿತ್ರದ ಜೋಕರ್ ಬಾಯಿಯ ಗಾಯದ ಕಥೆಯನ್ನು ಒಬ್ಬನಿಗೆ ಒಂದು ರೀತಿ, ಇನ್ನೊಬ್ಬಳಿಗೆ ಇನ್ನೊಂದು ರೀತಿ ಹೇಳುತ್ತಾನೆ. ಒಂದರಲ್ಲಿ ಕುಡುಕ ತಂದೆ, ಇನ್ನೊಂದರಲ್ಲಿ ಹೆಂಡತಿ. ಹೀಗಾಗಿ ಅವನಿಗೆ ಬಾಲ್ಯವಿಲ್ಲ. 2019ರ ಚಿತ್ರ ಅವನಿಗೆ ಹೆಸರು, ತಾಯಿ, ಕೆಲಸ, ಕಾಯಿಲೆ ಎಲ್ಲ ಕೊಟ್ಟಿತು. ಅವನು ಜೋಕರೇ ಅಲ್ಲ ಎಂದು ಒಂದು ಗುಂಪು ಹೇಳಿತು. ಪಟ್ಟಿಯಲ್ಲಿದ್ದವನ ಜಾಗ ಉಳಿಯಿತು.

16
ಶೇಕ್ಸ್‌ಪಿಯರ್‌ನ ‘ಒಥೆಲೋ’ ನಾಟಕದ ಇಯಾಗೋ ತನ್ನ ಕೇಡಿಗೆ ಕಾರಣಗಳನ್ನು ಹುಡುಕುತ್ತಾ ಹೋಗುತ್ತಾನೆ. ಬಡ್ತಿ ತಪ್ಪಿತು. ಹೆಂಡತಿಯ ಮೇಲೆ ಗುಮಾನಿ, ಮೊದಲು ಒಥೆಲೋ ಜೊತೆ, ಆಮೇಲೆ ಕ್ಯಾಸಿಯೋ ಜೊತೆ. ಕಾರಣವೇ ಇಲ್ಲದ ಕೇಡು ಕಾರಣ ಹುಡುಕುವ ಪರಿ ಇದು ಎಂದು ಕೋಲ್‌ರಿಜ್ ಟಿಪ್ಪಣಿ ಮಾಡಿಕೊಂಡ. ನಾಟಕದ ಕೊನೆಯಲ್ಲಿ ಏಕೆ ಮಾಡಿದೆ ಎಂದು ಕೇಳಿದರೆ ಇಯಾಗೋ ಬಾಯಿ ಬಿಡುವುದಿಲ್ಲ. ಪರದೆ ಬೀಳುವಾಗ ಬದುಕಿಯೇ ಇದ್ದಾನೆ.

17
‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ (2005–2008) ಎಂಬ ಕಾರ್ಟೂನ್ ಸರಣಿ. ಅಗ್ನಿದೇಶದ ದೊರೆ ಓಜಾಯ್ ಮಗನ ಮುಖ ಸುಟ್ಟವನು. ಕೊನೆಕೊನೆಗೆ ಒಂದು ಹುಡುಗಿಗೆ ಕೂಸಿನ ಚಿತ್ರ ಸಿಗುತ್ತದೆ. ನೀನು ಎಷ್ಟು ಮುದ್ದಾಗಿದ್ದೆ ಎಂದು ಮಗನಿಗೆ ತೋರಿಸುತ್ತಾಳೆ. ನಾನಲ್ಲ, ನಮ್ಮಪ್ಪ ಎನ್ನುತ್ತಾನೆ ಮಗ. ಎಲ್ಲರೂ ಸುಮ್ಮನಾಗುತ್ತಾರೆ. ಆ ಚಿತ್ರದಿಂದ ಓಜಾಯ್‌ಗೆ ಏನೂ ಲಾಭವಾಗಲಿಲ್ಲ. ಅಭಿಮಾನಿಗಳ ತೀರ್ಪು ಬದಲಾಗಿಲ್ಲ.

ಮಗಳು ಅಜುಲಾಳ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಅವಳಿಗೆ 14 ವರ್ಷ.

18
‘ಬ್ರೇಕಿಂಗ್ ಬ್ಯಾಡ್’ (2008–2013). ವಾಲ್ಟರ್ ವೈಟ್ ಮಾದಕವಸ್ತು ತಯಾರಿಸುತ್ತಾನೆ, ಕೊಲ್ಲುತ್ತಾನೆ, ಕೊಲ್ಲಿಸುತ್ತಾನೆ, ಒಂದು ಮಗುವಿಗೆ ವಿಷ ಹಾಕುತ್ತಾನೆ. ವೀಕ್ಷಕರಲ್ಲಿ ಒಂದು ದೊಡ್ಡ ಗುಂಪು ಅವನ ಹೆಂಡತಿ ಸ್ಕೈಲರ್‌ಳನ್ನು ದ್ವೇಷಿಸಿತು. ಗಂಡನನ್ನು ತಡೆಯುತ್ತಾಳೆ ಎಂಬುದು ದೂರು. ಆ ಪಾತ್ರ ಮಾಡಿದ ಆನಾ ಗನ್ 2013ರ ಆಗಸ್ಟ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಲೇಖನ ಬರೆದರು. ದ್ವೇಷ ಪಾತ್ರವನ್ನು ದಾಟಿ ತಮ್ಮ ಮೇಲೆ ಬಂದಿತ್ತು.

19
‘ಡ್ರ್ಯಾಗನ್ ಬಾಲ್’ ಕಥೆಯಲ್ಲಿ ಸತ್ತವರನ್ನು ಎಬ್ಬಿಸಬಹುದು. ಏಳು ಚೆಂಡು ಕೂಡಿಸಿ ಡ್ರ್ಯಾಗನ್‌ಗೆ ಕೇಳಿಕೊಂಡರಾಯಿತು. ಎದ್ದು ಬಂದವರ ಕೊಲೆ ಕೊಲೆಯಾಗಿ ಉಳಿಯುತ್ತದೆಯೇ ಎಂಬುದರ ಮೇಲೆ ವಾದ ಉದ್ದವಿದೆ.

ವೆಜಿಟಾ ಎಂಬವನು ಮೊದಲು ಗ್ರಹ ಗ್ರಹಗಳ ಜನರನ್ನು ಅಳಿಸುತ್ತಿದ್ದವನು. ಒಂದು ಹಂತದಲ್ಲಿ, ಕೆಟ್ಟವರನ್ನು ಬಿಟ್ಟು ಉಳಿದ ಎಲ್ಲರನ್ನೂ ಬದುಕಿಸು ಎಂದು ಡ್ರ್ಯಾಗನ್‌ಗೆ ಕೇಳುತ್ತಾರೆ. ಸತ್ತಿದ್ದ ವೆಜಿಟಾನ ತಲೆಯ ಮೇಲಿನ ಪ್ರಭಾವಳಿ ಮಾಯವಾಗುತ್ತದೆ. ಬದುಕಿದ. ಅಂದರೆ ಕೆಟ್ಟವನಲ್ಲ. ನಾನು ನೋಡಿದ ತೀರ್ಪುಗಳಲ್ಲಿ ಅಪೀಲು ಇಲ್ಲದ್ದು ಇದೊಂದೇ.

20
ಸೈತಾನನಿಗೂ ಕೊನೆಗೆ ಉದ್ಧಾರವಿದೆ ಎಂದು ಹೇಳಿದ ಆರೋಪ ಮೂರನೇ ಶತಮಾನದ ಕ್ರೈಸ್ತ ಪಂಡಿತ ಆರಿಜೆನ್‌ನ ಮೇಲೆ ಬಂತು. ತಾನು ಹಾಗೆ ಹೇಳಿಲ್ಲ ಎಂದು ಬರೆದ. 553ರಲ್ಲಿ, ಕಾನ್‌ಸ್ಟಾಂಟಿನೋಪಲ್ ಧರ್ಮಸಭೆಯ ಹೊತ್ತಿಗೆ, ಅವನ ಮತಕ್ಕೆ ಬಹಿಷ್ಕಾರ ಬಿತ್ತು. ಅವನು ಸತ್ತು ಸುಮಾರು 300 ವರ್ಷವಾಗಿತ್ತು.

21
ಟೋಲ್ಕಿನ್ ತನ್ನ ಕಥೆಯಲ್ಲಿ ಓರ್ಕ್ ಎಂಬ ಕೆಡುಕು ಜೀವಿಗಳನ್ನು ಹಿಂಡುಹಿಂಡಾಗಿ ಸಾಯಿಸಿದ. ಆಮೇಲೆ ಚಿಂತೆ ಹತ್ತಿತು. ಕ್ಯಾಥೊಲಿಕನಾಗಿ, ಉದ್ಧಾರವೇ ಇಲ್ಲದ ಒಂದು ಕುಲವಿದೆ ಎಂದು ಹೇಳುವುದು ಅವನಿಗೆ ಕಷ್ಟ. ಪತ್ರಗಳಲ್ಲಿ, ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಎತ್ತಿಕೊಂಡ. ಓರ್ಕ್‌ಗಳು ಎಲ್ಲಿಂದ ಬಂದವು ಎಂಬುದನ್ನೇ ಹಲವು ರೀತಿ ಬದಲಾಯಿಸಿದ. ಇತ್ಯರ್ಥವಾಗಲಿಲ್ಲ.

22
ಉಡುಪಿಯ ಹತ್ತಿರದ ಪಾಜಕ ಮಧ್ವರ ಹುಟ್ಟೂರು. 13ನೇ ಶತಮಾನ. ಅವರ ಪ್ರಕಾರ ಜೀವರಲ್ಲಿ ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಮೂರನೆಯವರಿಗೆ ಅಂಧತಮಸ್ಸು. ಅಲ್ಲಿಂದ ಮರಳುವುದಿಲ್ಲ. ಸ್ವಭಾವ ಅನಾದಿ, ಬಾಲ್ಯ ಕೆಟ್ಟದಾಗಿತ್ತು ಎಂಬ ವಾದಕ್ಕೆ ಎಡೆಯಿಲ್ಲ.

ಜೈನರಲ್ಲಿಯೂ ಅಭವ್ಯ ಜೀವ ಎಂಬುದಿದೆ. ಅದಕ್ಕೆ ಎಂದೂ ಮೋಕ್ಷವಿಲ್ಲ. ರಾವಣ ಆ ಪೈಕಿ ಅಲ್ಲ. ಜೈನ ಪುರಾಣದಲ್ಲಿ ಅವನು ಈಗ ನರಕದಲ್ಲಿದ್ದಾನೆ, ಮುಂದೊಂದು ಜನ್ಮದಲ್ಲಿ ತೀರ್ಥಂಕರನಾಗುತ್ತಾನೆ.

23
ಶಾಪಕ್ಕೆ ಸಿಕ್ಕ ವೈಕುಂಠದ ದ್ವಾರಪಾಲಕರು ಜಯವಿಜಯರಿಗೆ ಆಯ್ಕೆ ಇತ್ತು ಎಂದು ಹರಿಕಥೆಯಲ್ಲಿ ಹೇಳುತ್ತಾರೆ. ಭಕ್ತರಾಗಿ ಏಳು ಜನ್ಮ, ವೈರಿಗಳಾಗಿ ಮೂರು. ಮೂರನ್ನು ಆರಿಸಿಕೊಂಡರು. ಬೇಗ ಮುಗಿಯುತ್ತದೆ.

24
ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುತ್ತಾನೆ. ದ್ರೋಣ, ಮಗ ಲಕ್ಷಣ, ಕರ್ಣ ಎಲ್ಲರಿಗೂ ಅಳುತ್ತಾನೆ. ಅಭಿಮನ್ಯುವಿನ ಹೆಣ ಸಿಗುತ್ತದೆ. ವೈರಿಯ ಮಗ, ಕೊಂದವರು ತನ್ನ ಕಡೆಯವರು. ಅವನ ಶೌರ್ಯ ಹೊಗಳಿ, ಇಂಥ ಸಾವು ತನಗೂ ಬರಲಿ ಎನ್ನುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು ಇದನ್ನು ಗ್ರೀಕ್ ದುರಂತದ ರೀತಿಯಲ್ಲಿ ನಾಟಕ ಮಾಡಿದರು. ಮಹಾಭಾರತದಲ್ಲಿ ದುರ್ಯೋಧನ ಕಲಿಯ ಅಂಶ.

25
ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತು ಮಾತಾಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರ ಅರ್ಥಕ್ಕೆ ಹೆಸರಾದವರು. ವಾಲಿಗೆ ಬಾಣ ನಾಟಿದ ಮೇಲೆ ಮಾತು ರಂಗೇರುತ್ತದೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ರಾಮನ ಅರ್ಥಧಾರಿ ಆ ಕ್ಷಣಕ್ಕೆ ಉತ್ತರ ಹುಟ್ಟಿಸಬೇಕು. ಮಾತಿನಲ್ಲಿ ವಾಲಿ ಗೆದ್ದರೂ ಸಾಯಲೇಬೇಕು, ಪ್ರಸಂಗ ಬದಲಾಗದು. ಮುಂದಿನ ವಾರ ಅದೇ ಅರ್ಥಧಾರಿಗೆ ರಾಮನ ಪಾತ್ರ ಬರಬಹುದು. ಪಕ್ಷಾಂತರ ಎಂದು ಯಾರೂ ಆಡಿಕೊಳ್ಳುವುದಿಲ್ಲ.

26
ಕೊಲೆಗೆ ಚೌಕಾಸಿ ಉಂಟು. ಅತ್ಯಾಚಾರಕ್ಕೆ ಇಲ್ಲ. ‘ಬರ್ಸರ್ಕ್’ (1989ರಿಂದ) ಎಂಬ ಜಪಾನಿ ಮಂಗಾದ ಗ್ರಿಫಿತ್ ಎರಡನ್ನೂ ಮಾಡಿದವನು, ಅದೂ ತನ್ನನ್ನು ನಂಬಿ ಬಂದವರ ಮೇಲೆ. ಅವನು ಮಾಡಿದ್ದರಲ್ಲಿ ತಪ್ಪೇನಿಲ್ಲ ಎಂಬುದು ಓದುಗರ ನಡುವೆ ಹಳೆಯ ಜೋಕು. ಹೇಳುವವರೆಲ್ಲ ಅದನ್ನು ಜೋಕಾಗಿಯೇ ಹೇಳುತ್ತಾರೆಯೇ ಎಂಬುದರ ಮೇಲೆ ಇನ್ನೊಂದು ವಾದ.

27
ಖಳನ ಪರ ವಾದಿಸಿದವರನ್ನು ಖಳ ಎನ್ನುವುದು ಸಾಮಾನ್ಯ. ಅವರಿಗೆ ಬಾಲ್ಯದ ರಿಯಾಯಿತಿ ಸಿಕ್ಕಿದ್ದು ಕಂಡಿಲ್ಲ.

28
‘ಅವೆಂಜರ್ಸ್: ಇನ್‌ಫಿನಿಟಿ ವಾರ್’ (2018). ಥಾನೋಸ್‌ಗೆ ಒಂದು ಕಲ್ಲು ಬೇಕು. ತಾನು ಪ್ರೀತಿಸುವ ಜೀವವನ್ನು ಬಲಿ ಕೊಟ್ಟವನಿಗೆ ಮಾತ್ರ ಅದು ದಕ್ಕುತ್ತದೆ. ಅಳುತ್ತಾ ಸಾಕುಮಗಳನ್ನು ಪ್ರಪಾತಕ್ಕೆ ತಳ್ಳುತ್ತಾನೆ. ಕಲ್ಲು ಸಿಗುತ್ತದೆ. ಆದ್ದರಿಂದ ಪ್ರೀತಿ ಸಾಬೀತಾಯಿತು, ಹೆಸರು ಪಟ್ಟಿಗೆ ಸೇರುವಂತಿಲ್ಲ ಎಂದು ಒಂದು ಪಕ್ಷ. ತಳ್ಳಿದ್ದು ಲೆಕ್ಕಕ್ಕಿಲ್ಲವೇ ಎಂದು ಇನ್ನೊಂದು. ಆಮೇಲೆ ಅವನು ಚಿಟಿಕೆ ಹೊಡೆದು ವಿಶ್ವದ ಅರ್ಧ ಜೀವಗಳನ್ನು ಅಳಿಸುತ್ತಾನೆ.

29
ಥಾನೋಸ್ ಮಾಡಿದ್ದು ತಪ್ಪಲ್ಲ ಎಂಬ ಹೆಸರಿನ ಗುಂಪೊಂದು ರೆಡಿಟ್‌ನಲ್ಲಿತ್ತು. ಹಾಗಾದರೆ ನಮ್ಮಲ್ಲೇ ಅರ್ಧ ಜನರನ್ನು ಹೊರಹಾಕೋಣ ಎಂದು ಯಾರೋ ಸೂಚಿಸಿದರು. ಸುದ್ದಿ ಹಬ್ಬಿತು. ಹೊರಹಾಕಿಸಿಕೊಳ್ಳುವ ಅವಕಾಶ ತಪ್ಪಬಾರದೆಂದು ಲಕ್ಷಗಟ್ಟಲೆ ಜನ ಹೊಸದಾಗಿ ಸೇರಿದರು. 2018ರ ಜುಲೈ 9ರಂದು ಚೀಟಿ ಎತ್ತಿದಂತೆ ಹೆಸರು ಆರಿಸಿ 3 ಲಕ್ಷಕ್ಕೂ ಹೆಚ್ಚು ಮಂದಿಯನ್ನು ತೆಗೆದರು. ತೆಗೆಸಿಕೊಂಡವರು ಆ ಕಲ್ಲಿನ ಹೆಸರಲ್ಲಿ ಬೇರೆ ಗುಂಪು ಕಟ್ಟಿದರು. ಉಳಿದವರಲ್ಲಿ ಕೆಲವರು ತಮ್ಮನ್ನೇಕೆ ಬಿಟ್ಟಿರಿ ಎಂದು ದೂರಿದರು.