ಹೊಸಪೇಟೆಯಲ್ಲಿ ಆರು ಖೋಲಿಗಳು

ಪಂಢರಪುರ, ತುಳಜಾಪುರ, ಸವದತ್ತಿಯ ಯಲ್ಲಮ್ಮನ ಗುಡ್ಡಗಳಿಗೆ ಹೋಗಿಬರುವುದು ಜತ್ತ ಸೀಮೆಯ ಕನ್ನಡ ಮನೆತನಗಳಿಗೆ ಹೊಸದಲ್ಲ. ಹಿರಿಯರ ಕಾಲದಲ್ಲಿ ಧರ್ಮಶಾಲೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದರೆ ಇಡೀ ಮನೆಯ ವಸತಿಯ ಪ್ರಶ್ನೆ ಮುಗಿದುಹೋಗುತ್ತಿತ್ತು. ಈಗ ಸೊಸೆಯಂದಿರಿಗೆ ಬಾಗಿಲು ಹಾಕಿಕೊಳ್ಳುವ ಖೋಲಿ ಬೇಕು. ವೃದ್ಧರಿಗೆ ಖೋಲಿಯೊಳಗೇ ಬಚ್ಚಲು ಬೇಕು. ಈ ಬಯಕೆ ನ್ಯಾಯವಾದುದೇ. ಆದರೆ ಒಂದು ದೊಡ್ಡ ಕುಟುಂಬ ಒಮ್ಮೆಗೇ ಐದಾರು ಖೋಲಿಗಳನ್ನು ಹಿಡಿಯುವಾಗ ವಸತಿಗೃಹದವರು ತೋರಿಸುವ ರಿಯಾಯಿತಿಯನ್ನು ಹೇಗೆ ಅಳೆಯಬೇಕೆಂಬುದು ಬಹುಮಂದಿಗೆ ತಿಳಿಯದು. ಹಂಪೆಯ ಪ್ರವಾಸದ ನೆಪದಲ್ಲಿ ಆ ವಿಚಾರವನ್ನೇ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ನಮ್ಮ ಪ್ರವಾಸ 2025ರ ದೀಪಾವಳಿಯ ರಜೆಯಲ್ಲಿ ನಡೆಯಿತು. ಕರ್ನಾಟಕದ ಶಾಲೆಗಳ ದಸರೆಯ ರಜೆ ಅಷ್ಟರಲ್ಲಿ ಮುಗಿದಿತ್ತು. ಮಹಾರಾಷ್ಟ್ರದ ನಮ್ಮ ಶಾಲೆಗಳಿಗೆ ಇನ್ನೂ ಬಿಡುವಿತ್ತು. ಗಡಿಯಾಚೆ ಇರುವವರಿಗೆ ದೊರೆಯುವ ಕೆಲವೇ ಅನುಕೂಲಗಳಲ್ಲಿ ಇದೂ ಒಂದು. ಶನಿವಾರ, ಭಾನುವಾರಗಳಂದು ಬೆಂಗಳೂರಿನ ಕಡೆಯ ಪ್ರವಾಸಿಗರಿಂದ ತುಂಬುವ ಹೊಸಪೇಟೆ ಸೋಮವಾರದ ಹೊತ್ತಿಗೆ ಬರಿದಾಗುತ್ತದೆ. ಬರಿದಾದ ಖೋಲಿಯ ಎದುರಿನಲ್ಲಿಯೇ ವ್ಯವಸ್ಥಾಪಕನ ಮಾತು ಮೃದುವಾಗುವುದು. ಆದಕಾರಣ ಪಾಡ್ಯ ಕಳೆದ ಮೇಲಿನ ಸೋಮವಾರ, ಮಂಗಳವಾರದ ಎರಡು ರಾತ್ರಿಗಳನ್ನು ಆರಿಸಿಕೊಂಡೆವು.

ತಾಯಿಯವರು, ನಾವು ದಂಪತಿಗಳು, ಮೂವರು ತಮ್ಮಂದಿರ ಸಂಸಾರ, ಮಗ-ಸೊಸೆ, ತಂಗಿ ಮತ್ತು ಅವಳ ಮಗಳು, ಹೀಗೆ ದೊಡ್ಡವರು ಹದಿಮೂರು ಮಂದಿ. ಆರರಿಂದ ಹನ್ನೊಂದರ ವಯಸ್ಸಿನ ಮಕ್ಕಳು ನಾಲ್ವರು, ತೊಟ್ಟಿಲ ಕೂಸೊಂದು. ಬೇಕಾದುದು ಆರು ಖೋಲಿ. ತಾಯಿ, ತಂಗಿ, ಸೊಸೆಮುದ್ದು ಮೂವರಿರುವ ಖೋಲಿಗೆ ಒಂದು ಹೆಚ್ಚಿನ ಹಾಸಿಗೆ.

ಮಗ ಮೊಬೈಲಿನಲ್ಲಿ ಒಂದು ವಸತಿಗೃಹವನ್ನು ಹುಡುಕಿ ತೋರಿಸಿದ. ಖೋಲಿಗೆ 1,800 ರೂಪಾಯಿ, ನೂರಕ್ಕೆ ಇಪ್ಪತ್ತು ರಿಯಾಯಿತಿ. ಇನ್ನೊಂದಕ್ಕೆ ನಾವೇ ಫೋನ್ ಮಾಡಿದೆವು. ಅಲ್ಲಿಯೂ ದರ 1,800 ರೂಪಾಯಿಯೇ. ವ್ಯವಸ್ಥಾಪಕರು ಸ್ವಲ್ಪ ಯೋಚಿಸಿ, "ಐದಕ್ಕ ರೊಕ್ಕ ಕೊಡ್ರಿ ಸರ್, ಆರನೇದಕ್ಕ ಬ್ಯಾಡ" ಎಂದರು. ಆರರಲ್ಲಿ ಒಂದು ಬಿಟ್ಟರೆ ನೂರಕ್ಕೆ ಹದಿನಾರೂ ಚಿಲ್ಲರೆಯಷ್ಟೇ. ಇಪ್ಪತ್ತು ದೊಡ್ಡದೆಂದು ಮನೆಯವರೆಲ್ಲ ಮಗನ ಪಕ್ಷ ಹಿಡಿದರು. ಏಳನೆಯ ಇಯತ್ತೆಯ ಮಕ್ಕಳಿಗೆ ಹೇಳುವಂತೆ ಕಾಗದ ತೆಗೆದುಕೊಂಡು ಕುಳಿತೆವು.

ಮೊದಲನೆಯದರಲ್ಲಿ ಖೋಲಿಗೆ 1,440ರಂತೆ ಆರಕ್ಕೆ 8,640 ರೂಪಾಯಿ. ಹೆಚ್ಚಿನ ಹಾಸಿಗೆಗೆ 500. ಐದು ವರ್ಷ ಮೀರಿದ ಮಕ್ಕಳಿಗೆ ತಲೆಗೆ 300ರಂತೆ 1,200. ಒಟ್ಟು 10,340, ತೆರಿಗೆ ಸೇರಿ 10,857. ಬೆಳಗಿನ ಉಪಾಹಾರ ಬೇರೆ: ಹದಿನೇಳು ಮಂದಿಗೆ ತಲೆಗೆ 80 ರೂಪಾಯಿ ಹಿಡಿದರೂ 1,360. ದಿನದ ವೆಚ್ಚ 12,217 ರೂಪಾಯಿ. ಎರಡನೆಯದರಲ್ಲಿ ಐದು ಖೋಲಿಗೆ 9,000, ಹಾಸಿಗೆಗೆ 500, ತೆರಿಗೆ 475, ಒಟ್ಟು 9,975. ಹನ್ನೆರಡು ವರ್ಷದವರೆಗಿನ ಮಕ್ಕಳು ತಂದೆತಾಯಿಯರೊಡನೆ ಮಲಗಿದರೆ ಶುಲ್ಕವಿಲ್ಲ. ಉಪಾಹಾರ ಬಾಡಿಗೆಯಲ್ಲಿಯೇ ಸೇರಿದೆ. ಚಿಕ್ಕದಾಗಿ ಕಂಡ ರಿಯಾಯಿತಿಯಿಂದ ದಿನಕ್ಕೆ 2,242 ರೂಪಾಯಿ ಉಳಿಯಿತು. ಅಲ್ಲದೆ ಮೊದಲನೆಯ ಕಡೆ ಮುಂಗಡವಾಗಿ ಕಟ್ಟಿದ ಹಣ ಯಾವ ಕಾರಣಕ್ಕೂ ಮರಳಿ ಬಾರದು. ಕೂಸಿರುವ ಮನೆಯಲ್ಲಿ ಹೊರಡುವ ಹಿಂದಿನ ರಾತ್ರಿ ಜ್ವರ ಬಾರದೆಂದು ಯಾರು ಹೇಳಬಲ್ಲರು?

ಮಕ್ಕಳ ವಯಸ್ಸಿನ ವಿಷಯವೇ ವಿಚಿತ್ರ. ರೈಲಿನಲ್ಲಿ ಐದು ತುಂಬುವ ತನಕ ಟಿಕೆಟಿಲ್ಲ; ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದರೊಳಗಿನವರಿಗೆ ಪ್ರವೇಶಶುಲ್ಕವಿಲ್ಲ. ವಸತಿಗೃಹಗಳಿಗೆ ಮಾತ್ರ ಒಬ್ಬೊಬ್ಬರದು ಒಂದೊಂದು ಪಂಚಾಂಗ. ಆದ್ದರಿಂದ ಬಾಡಿಗೆಗಿಂತ ಮೊದಲು ಮಕ್ಕಳ ವಯಸ್ಸನ್ನು ಹೇಳಿ ಕೇಳುವುದು ಲೇಸು.

ತೆರಿಗೆಯ ವಿಷಯದಲ್ಲಿ ಒಂದು ಮಾತು. ದಿನದ ಬಾಡಿಗೆ 7,500 ರೂಪಾಯಿಗೆ ಮೀರದ ಖೋಲಿಗೆ ಜಿ.ಎಸ್.ಟಿ. ಮೊದಲು ನೂರಕ್ಕೆ ಹನ್ನೆರಡಿತ್ತು. 2025ರ ಸೆಪ್ಟೆಂಬರ್ 22ರಿಂದ ಐದಕ್ಕೆ ಇಳಿದಿದೆ. ಅದಕ್ಕಿಂತ ಹೆಚ್ಚಿನ ಬಾಡಿಗೆಯ ಖೋಲಿಗೆ ಹದಿನೆಂಟು. ನಾವು ವಿಚಾರಿಸಿದ ಮತ್ತೊಂದು ವಸತಿಗೃಹದ ಗುಮಾಸ್ತ, ಆರು ಖೋಲಿಗಳ ಮೊತ್ತ ಏಳೂವರೆ ಸಾವಿರ ದಾಟಿತೆಂದು ಹದಿನೆಂಟರ ದರವನ್ನೇ ಹಚ್ಚಿದ್ದ. ಮಿತಿಯನ್ನು ನೋಡಬೇಕಾದುದು ಒಂದೊಂದು ಖೋಲಿಗೆ ಪ್ರತ್ಯೇಕವಾಗಿ, ಇಡೀ ಬಿಲ್ಲಿಗಲ್ಲ. ಹೀಗೆಂದು ತಿಳಿಸಿದಾಗ ಆತ ಫೋನನ್ನು ಯಜಮಾನರ ಕೈಗೆ ಕೊಟ್ಟ. ಅವರು ಐದೇ ಎಂದು ಒಪ್ಪಿಕೊಂಡರೂ ಅಲ್ಲಿ ಇಳಿಯಲು ನಮಗೆ ಮನಸ್ಸಾಗಲಿಲ್ಲ.

ಮುಂಗಡ ಕಳಿಸುವ ಮುನ್ನ ಇನ್ನೆರಡು ಸಂಗತಿಗಳನ್ನು ಬರೆಯಿಸಿಕೊಂಡೆವು. ತಾಯಿಯವರ ಖೋಲಿ ನೆಲಮಹಡಿಯಲ್ಲಿಯೇ ಇರಬೇಕು. ವಾಹನದ ಚಾಲಕನಿಗೆ ಮಲಗಲು ಸ್ಥಳ ಬೇಕು. ಬಿಟ್ಟುಕೊಡುವ ಖೋಲಿ ಅನೇಕ ವೇಳೆ ಮೂರನೆಯ ಮಹಡಿಯ ಮೂಲೆಯದಾಗಿರುತ್ತದೆ. ಮೊಣಕಾಲು ನೋವಿನ ಎಪ್ಪತ್ತೆಂಟರ ವೃದ್ಧೆಗೆ ಅದು ಉಚಿತವಾದರೂ ದುಬಾರಿಯೇ.

ವಿಜಯಪುರ, ಹುನಗುಂದ, ಕುಷ್ಟಗಿ ಹಾದಿಯಾಗಿ ಸಂಜೆಗೆ ಹೊಸಪೇಟೆ ಮುಟ್ಟಿದೆವು. ದಾರಿಯಲ್ಲಿ ಕೂಡಲಸಂಗಮದಲ್ಲಿ ಇಳಿದು ಬುತ್ತಿ ಬಿಚ್ಚಿದುದನ್ನು ಬಿಟ್ಟರೆ ಪ್ರಯಾಣದಲ್ಲಿ ವಿಶೇಷವೇನಿಲ್ಲ. ಮರುದಿನದ ಹಂಪೆಯನ್ನು ವರ್ಣಿಸಲು ಈ ಪುಟ ಸಾಲದು. ವಿರೂಪಾಕ್ಷನ ದರ್ಶನವಾದ ಬಳಿಕ, ವಿಜಯವಿಠ್ಠಲ ದೇವಾಲಯಕ್ಕೆ ತಾಯಿಯವರನ್ನು ಬ್ಯಾಟರಿ ಗಾಡಿಯಲ್ಲಿ ಕರೆದೊಯ್ದೆವು. ಕಲ್ಲಿನ ರಥಕ್ಕೆ ನಮಸ್ಕರಿಸಿ ಗರ್ಭಗುಡಿಯೊಳಗೆ ಇಣುಕಿದ ಅವರಿಗೆ ಮೂರ್ತಿ ಕಾಣಲಿಲ್ಲ. ಹಂಪೆಗೆ ತಂದಿದ್ದ ವಿಠ್ಠಲ ಮರಳಿ ಪಂಢರಪುರಕ್ಕೆ ಹೋದನೆಂಬ ಐತಿಹ್ಯವನ್ನು ಹೇಳಿದೆವು. "ಅಲ್ಲಿ ಇಟ್ಟಂಗಿ ಮ್ಯಾಲ ನಿಂತಾವ ಇಲ್ಲಿ ಹ್ಯಾಂಗ ಸಿಕ್ಕಾನು" ಎಂದು ಅವರು ನಕ್ಕು, ಆ ಬರಿದಾದ ಪೀಠಕ್ಕೇ ಕೈಮುಗಿದರು.

ಖೋಲಿಗಳನ್ನು ಗೊತ್ತುಮಾಡುವುದಕ್ಕಿಂತ ಬಿಟ್ಟ ಖೋಲಿಯನ್ನು ಹಂಚುವುದು ಕಷ್ಟವಾಗಿತ್ತು. ಆ ಉಚಿತ ಯಾರಿಗೆ ಸೇರಬೇಕು? ಒಬ್ಬ ತಮ್ಮ ಆರಕ್ಕೂ ಸಮನಾಗಿ ಭಾಗಿಸೋಣವೆಂದ. ಮತ್ತೊಬ್ಬ ತಲೆಯೆಣಿಕೆಯಂತೆ ಎಂದ. ಕಿರಿಯವ ಮೆಲ್ಲಗೆ, "ಅಣ್ಣಾ, ಅಕ್ಕನ ಕಡೆ ರೊಕ್ಕ ತಗೋಳೂದು ಬ್ಯಾಡ" ಎಂದ. ಪತಿ ತೀರಿದ ಮೇಲೆ ಹೊಲಿಗೆಯ ದುಡಿಮೆಯಿಂದ ಮಗಳನ್ನು ಓದಿಸುತ್ತಿರುವ ತಂಗಿ ಅಡುಗೆಮನೆಯಿಂದ ಹೊರಗೆ ಬಂದಳು. "ಹಂಗಾದ್ರ ನಾ ಬರೂದೇ ಇಲ್ಲ ಅಣ್ಣಾ" ಎಂದವಳ ಮುಖ ಕೆಂಪಾಗಿತ್ತು. ಪಡಸಾಲೆಯಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ತಾಯಿಯವರೇ ನ್ಯಾಯ ಹೇಳಿದರು: "ಬಿಟ್ಟ ಖೋಲಿ ನಂದು. ಅದಕ್ಕ ಯಾರೂ ರೊಕ್ಕ ಕೊಡೂದು ಬ್ಯಾಡ. ಹಾಸಿಗಿ ಹೆಚ್ಚಿಗಿ ತರಸೂದು ಆಕಿ ಸಲುವಾಗಿ. ಅದರದು ಆಕಿ ಕೊಡಲಿ." ಹಾಗೆಯೇ ನಡೆಯಿತು. ಉಳಿದ ಐದು ಸಂಸಾರಗಳಿಗೆ ಎರಡು ರಾತ್ರಿಗೆ ತಲಾ 3,780 ರೂಪಾಯಿ ಬಂತು. ಬುಧವಾರ ಬೆಳಿಗ್ಗೆ ನಾವು ಲೆಕ್ಕ ತೀರಿಸಲು ನಿಂತಾಗ ತಂಗಿ ನಮಗಿಂತ ಮುಂದಾಗಿ ಮೇಜಿನ ಬಳಿ ಹೋಗಿ, ಸೆರಗಿನ ಗಂಟು ಬಿಚ್ಚಿ 1,050 ರೂಪಾಯಿ ಎಣಿಸಿಟ್ಟಳು. ಗುಮಾಸ್ತ ಒಂದೇ ಬಿಲ್ಲಿನಲ್ಲಿ ಸೇರಿಸುತ್ತೇನೆಂದ. ಅವಳು ಬೇರೆ ಪಾವತಿ ಬೇಕೆಂದು ಕೇಳಿ, ಬರೆಯಿಸಿಕೊಂಡು, ಮಡಿಚಿ ಮಗಳ ಕೈಗೆ ಕೊಟ್ಟಳು.